ಆಕಿ ಮಷೀನ ಎಲ್ಲಿ ಹೋತು?

ಕೆಲವು ವರ್ಷಗಳ ಹಿಂದಿನ ಮಾತು. ನನ್ನದೊಂದು ಕತೆಯನ್ನು ತಿಕೋಟಾದ ನಾಲ್ಕಾರು ಹೆಣ್ಣುಮಕ್ಕಳಿಗೆ ಓದಿ ಹೇಳಿದ್ದೆ. ಅವರು ಒಣದ್ರಾಕ್ಷಿ ಶೆಡ್ಡಿನಲ್ಲಿ ದಿನಗೂಲಿಗೆ ದುಡಿಯುವವರು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳು ಹೆಚ್ಚು. ಸುಗ್ಗಿ ಬಂತೆಂದರೆ ಗೊನೆ ಕತ್ತರಿಸುವುದರಿಂದ ಹಿಡಿದು ಒಣಗಿದ ದ್ರಾಕ್ಷಿಯನ್ನು ಆರಿಸಿ ಬೇರ್ಪಡಿಸುವತನಕ ಹೆಂಗಸರ ಕೈ ಬೇಕೇ ಬೇಕು. ನನ್ನ ಕತೆಯ ಹುಡುಗಿಯೂ ದುಡಿಯುವವಳೇ. ವಿಜಯಪುರದ ಒಂದು ಗಲ್ಲಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು, ಕಾಯಿಲೆಯ ತಂದೆಯನ್ನೂ ಇಬ್ಬರು ತಮ್ಮಂದಿರನ್ನೂ ಸಾಕುತ್ತಾಳೆ. ಬಟ್ಟೆ ಅಂಗಡಿಯವನ ಜೊತೆ ಜಗಳಾಡಿ ತನ್ನ ಕೂಲಿ ಹೆಚ್ಚಿಸಿಕೊಳ್ಳುತ್ತಾಳೆ. ಆಮೇಲೆ ಅವಳಿಗೆ ಒಬ್ಬನ ಮೇಲೆ ಪ್ರೀತಿಯಾಗುತ್ತದೆ. ಮುಂದಿನದೆಲ್ಲ ಕಾಯುವಿಕೆ, ಕಣ್ಣೀರು, ಕೊನೆಗೆ ನಿಕಾಹ್. ಬಹಳ ಚೆನ್ನಾಗಿ ಬರೆದಿದ್ದೇನೆಂದು ನನಗೆ ಹೆಮ್ಮೆಯಿತ್ತು.

ಓದು ಮುಗಿದ ಮೇಲೆ ನಡುವಯಸ್ಸಿನ ಹೆಂಗಸೊಬ್ಬರು ಕೇಳಿದರು: "ಎಲ್ಲಾ ಚಲೋ ಐತ್ರಿ ಅಕ್ಕಾರ. ಆದ್ರ ಆಕಿ ಮಷೀನ ಎಲ್ಲಿ ಹೋತು?"

ಮನೆಗೆ ಬಂದು ಮತ್ತೆ ಓದಿದೆ. ಮೊದಲ ಮೂರು ಪುಟಗಳಲ್ಲಿ ಮಷೀನಿನ ಸದ್ದು ನಿಲ್ಲುವುದೇ ಇಲ್ಲ. ಹುಡುಗ ಬಂದ ಮೇಲೆ ಅದರ ಹೆಸರೇ ಇಲ್ಲ. ಅವಳು ಅದನ್ನು ಮಾರಲಿಲ್ಲ, ತಂಗಿಗೆ ಕೊಡಲಿಲ್ಲ, ಗಂಡನ ಮನೆಗೆ ಹೊತ್ತುಕೊಂಡೂ ಹೋಗಲಿಲ್ಲ. ಬರೆದ ನಾನೇ ಮರೆತುಬಿಟ್ಟಿದ್ದೆ.

ಅಂದಿನಿಂದ ಯಾವ ಧಾರಾವಾಹಿ ನೋಡಿದರೂ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ನಮ್ಮ ಟಿವಿ ಧಾರಾವಾಹಿಗಳಲ್ಲಿ ಗಟ್ಟಿ ಹೆಣ್ಣುಗಳಿಗೆ ಬರವಿಲ್ಲ. ಮೊದಲ ತಿಂಗಳುಗಳಲ್ಲಿ ಅವರು ದುಡಿಯುತ್ತಾರೆ, ಓದುತ್ತಾರೆ, ಅನ್ಯಾಯ ಕಂಡಲ್ಲಿ ಎದುರು ನಿಲ್ಲುತ್ತಾರೆ. ಪ್ರೀತಿ ಬಂದ ಮೇಲೆ ಅವರ ಮಷೀನು ಕಾಣೆಯಾಗುತ್ತದೆ. ಮಷೀನೆಂದರೆ ಬರೀ ಉದ್ಯೋಗವೆಂದು ತಿಳಿಯಬೇಕಿಲ್ಲ. ಅವಳ ಕನಸು, ಅವಳ ಸಿಟ್ಟು, ಅವಳ ಗೆಳತಿಯರು, ತಾನೇ ತೀರ್ಮಾನ ಮಾಡುವ ರೂಢಿ, ಇವೆಲ್ಲವೂ ಅದರಲ್ಲಿ ಸೇರಿವೆ. ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಪ್ರೀತಿಸಿದ ಹೆಣ್ಣು ಮೊದಲು ಏನಾಗಿದ್ದಳು ಎಂಬುದನ್ನು ಕತೆ ಬರೆಯುವವರು ಏಕೆ ಮರೆಯುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಎರಡು ಮನೆ, ಒಂದೇ ಕತೆ

ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ನಮ್ಮ ಕಡೆಯ ಮನೆಮನೆಯಲ್ಲೂ ನಡೆದ ಧಾರಾವಾಹಿ. ಉಮಾಶ್ರೀಯವರ ಪುಟ್ಟಕ್ಕನಿಗೆ ಮೂವರು ಹೆಣ್ಣುಮಕ್ಕಳು. ಗಂಡನಿಗೆ ಬೇರೊಂದು ಸಂಸಾರ. ಮೆಸ್ ನಡೆಸಿ ಮಕ್ಕಳನ್ನು ಬೆಳೆಸಿದ ಆ ತಾಯಿಯನ್ನು ನೋಡಿದಾಗ ನನಗೆ ತಟ್ಟನೆ ಇನ್ನೊಬ್ಬ ತಾಯಿ ನೆನಪಾದಳು. ಪಾಕಿಸ್ತಾನದ ಹಮ್ ಟಿವಿಯಲ್ಲಿ 2012ರಲ್ಲಿ ಶುರುವಾಗಿ, 2014ರ ಜೂನ್‌ನಲ್ಲಿ 'ಜಿಂದಗಿ' ಚಾನೆಲ್ಲಿನ ಮೂಲಕ ನಮ್ಮಲ್ಲಿಗೂ ಬಂದ 'ಜಿಂದಗಿ ಗುಲ್ಜಾರ್ ಹೈ' ಧಾರಾವಾಹಿಯ ರಾಫಿಯಾ. ಅವಳಿಗೂ ಮೂವರು ಹೆಣ್ಣುಮಕ್ಕಳು. ಗಂಡುಮಗ ಬೇಕೆಂದು ಗಂಡ ಇನ್ನೊಂದು ಮದುವೆಯಾಗಿದ್ದಾನೆ. ಶಿಕ್ಷಕಿಯ ಸಂಬಳದಲ್ಲಿ ರಾಫಿಯಾ ಮನೆ ನಡೆಸುತ್ತಾಳೆ. ಆ ದಿನಗಳಲ್ಲಿ ವಿಜಯಪುರದ ಎಷ್ಟೋ ಉರ್ದು ಬಲ್ಲ ಮನೆಗಳಲ್ಲಿ ರಾತ್ರಿಯ ಅಡುಗೆಯನ್ನು ಈ ಧಾರಾವಾಹಿಯ ಹೊತ್ತು ನೋಡಿ ಮುಗಿಸುತ್ತಿದ್ದರು.

ಎರಡೂ ಮನೆಗಳಲ್ಲಿ ಒಬ್ಬ ಮಗಳು ಸೆಟೆದು ನಿಲ್ಲುತ್ತಾಳೆ. ಇಲ್ಲಿ ಸ್ನೇಹಾ, ಅಲ್ಲಿ ಕಶಫ್. ಇಬ್ಬರ ಸಿಟ್ಟಿಗೂ ಬೇರು ಒಂದೇ: ತಾಯಿಗೆ ಆದ ಅನ್ಯಾಯ. ಇಬ್ಬರಿಗೂ ದೊಡ್ಡ ಅಧಿಕಾರಿಯಾಗುವ ಹಂಬಲ. ಒಂದು ಕರ್ನಾಟಕದ ಹಳ್ಳಿಯ ಕತೆ, ಮತ್ತೊಂದು ಗಡಿಯಾಚೆಯ ನಗರದ ಕತೆ. ಆದರೂ ಪ್ರೀತಿ ಬಂದ ಮೇಲೆ ಇಬ್ಬರೂ ಒಂದೇ ಓಣಿಗೆ ತಿರುಗುತ್ತಾರೆ ಎಂಬುದು ಗಮನಾರ್ಹ.

ಸ್ನೇಹಾ ಎದುರು ಹಾಕಿಕೊಂಡದ್ದು ಬಡ್ಡಿ ವ್ಯವಹಾರದ ಬಂಗಾರಮ್ಮನನ್ನು. ಆದರೆ ಬಂಗಾರಮ್ಮನ ಮಗ ಕಂಠಿ ತಾನು ಯಾರೆಂಬುದನ್ನು ಮುಚ್ಚಿಟ್ಟು, ಬೇರೆ ಹೆಸರಿನಲ್ಲಿ ಅವಳ ಪ್ರೀತಿ ಗಳಿಸುತ್ತಾನೆ. ಇದು ಸಣ್ಣ ಮೋಸವಲ್ಲ. ಒಬ್ಬ ಹೆಣ್ಣು ತನ್ನ ಬದುಕಿನ ದೊಡ್ಡ ತೀರ್ಮಾನವನ್ನು ಸುಳ್ಳಿನ ಮೇಲೆ ತೆಗೆದುಕೊಳ್ಳುವಂತೆ ಮಾಡಿದ ಮೋಸ. ನಿಜ ತಿಳಿದ ಮೇಲೆ ಸ್ನೇಹಾ ಸಿಡಿಯುತ್ತಾಳೆ. ಆದರೆ ಅಲ್ಲಿಂದ ಮುಂದೆ ನೋಡುಗರ ಮುಂದಿನ ಪ್ರಶ್ನೆಯೇ ಬದಲಾಗುತ್ತದೆ. 'ಈ ಹುಡುಗಿ ಅಂದುಕೊಂಡದ್ದನ್ನು ಸಾಧಿಸುತ್ತಾಳೆಯೇ?' ಎಂದು ಕೇಳುತ್ತಿದ್ದ ನಾವು, 'ಪಾಪ, ಕಂಠಿಯನ್ನು ಇವಳು ಯಾವಾಗ ಕ್ಷಮಿಸುತ್ತಾಳೆ?' ಎಂದು ಕೇಳತೊಡಗುತ್ತೇವೆ. ಅವನ ಪ್ರೀತಿ ದೊಡ್ಡದಾಗಿ, ಅವಳ ಸಿಟ್ಟು ಹಟವಾಗಿ ಕಾಣತೊಡಗುತ್ತದೆ. ಮೋಸ ಮಾಡಿದವನು ಸಂತ್ರಸ್ತನಾಗಿ, ಮೋಸಹೋದವಳು ಕಟುಕಿಯಾಗುವುದು ವಿಪರ್ಯಾಸ.

ಅವಳು ಜಿಲ್ಲಾಧಿಕಾರಿಯಾದಳು, ಅದನ್ನು ಒಪ್ಪೋಣ. ಅಷ್ಟರಮಟ್ಟಿಗೆ ಧಾರಾವಾಹಿ ತನ್ನ ಮಾತು ಉಳಿಸಿಕೊಂಡಿತು. ಮುಂದೆ ಆ ಪಾತ್ರ ಮಾಡುತ್ತಿದ್ದ ನಟಿ ಹೊರಬಂದಾಗ, 2024ರಲ್ಲಿ, ಸ್ನೇಹಾಳನ್ನು ಸಾಯಿಸಲಾಯಿತು. ನಟಿ ಹೊರಟರೆ ಕತೆಗಾರರಿಗೆ ಕಷ್ಟವಿದ್ದೇ ಇದೆ, ಅದಕ್ಕೆ ದೂರುವುದು ಸರಿಯಲ್ಲ. ಆದರೆ ಆ ಸಾವಿನ ನಂತರ ಅವಳದೆಂದು ಕತೆ ಏನನ್ನು ಉಳಿಸಿಕೊಂಡಿತು ಎಂದು ನೋಡಿ. ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಜೋಡಿಸಿ, ಅವಳನ್ನು ಕಂಠಿಯ ಬದುಕಿನ ಹತ್ತಿರಕ್ಕೆ ತರಲಾಯಿತು. ಅವಳು ಓದಿದ ಓದು, ಕುಳಿತ ಕುರ್ಚಿ ಯಾರಿಗೂ ಬೇಕಾಗಲಿಲ್ಲ. ನಾಯಕನಿಗಾಗಿ ಮಿಡಿಯುವ ಎದೆಬಡಿತ ಮಾತ್ರ ಬೇಕಾಯಿತು.

ಕಶಫಳ ಕತೆ ಇನ್ನೂ ಸೂಕ್ಷ್ಮ. ಅವಳ ಕೈಯಿಂದ ಕೆಲಸ ಕಸಿಯಲಿಲ್ಲ, ಮದುವೆಯಾದ ಮೇಲೂ ಅವಳು ಅಧಿಕಾರಿಯೇ. ಕಸಿದದ್ದು ಅವಳ ಸಿಟ್ಟನ್ನು. ಬಡತನ, ತಂದೆಯ ನಿರ್ಲಕ್ಷ್ಯ, ಹಣವಂತ ಸಹಪಾಠಿಗಳ ಕುಹಕ, ಇವುಗಳಿಂದ ಹುಟ್ಟಿದ ಆ ಸಿಟ್ಟಿಗೆ ನ್ಯಾಯವಾದ ಕಾರಣಗಳಿದ್ದವು. ಧಾರಾವಾಹಿ ಅದನ್ನು ಕಾಯಿಲೆಯಂತೆ ಕಂಡಿತು. ಝಾರೂನ್‌ನ ಪ್ರೀತಿಯನ್ನು ಔಷಧಿಯಾಗಿ ಕೊಟ್ಟಿತು. ಹೆಂಡತಿ ಹೇಗಿರಬೇಕೆಂಬ ಬಗ್ಗೆ ಅವನಿಗಿದ್ದ ಬಿಗಿಯಾದ ಕಲ್ಪನೆಗಳು ಸ್ವಲ್ಪವೇ ಸಡಿಲಾಗುತ್ತವೆ. ಅವನ ಬೇಕುಬೇಡಗಳನ್ನು ನೋಡಿಕೊಳ್ಳುವ ಕಶಫ್ ಬಹಳ ಬದಲಾಗುತ್ತಾಳೆ. ಇದರ ಜೊತೆಗೆ ಅವನ ತಾಯಿ ಗಜಾಲಾ ಮತ್ತು ತಂಗಿ ಸಾರಾ ಇದ್ದಾರೆ. ಹೊರಗೆ ದುಡಿಯುವ, ತಮ್ಮಿಷ್ಟದಂತೆ ನಡೆಯುವ ಈ ಇಬ್ಬರನ್ನೂ ಸಂಸಾರ ಕೆಡಿಸಿಕೊಂಡವರ ಉದಾಹರಣೆಯಾಗಿ ನಿಲ್ಲಿಸಲಾಗಿದೆ. ಹೇಗಿರಬಾರದೆಂದು ತೋರಿಸಲು ಇಬ್ಬರು, ಹೇಗಿರಬೇಕೆಂದು ತೋರಿಸಲು ಒಬ್ಬಳು. ಬರೆದ ಉಮೈರಾ ಅಹ್ಮದ್ ಮಹಿಳೆ, ನಿರ್ದೇಶಿಸಿದ ಸುಲ್ತಾನಾ ಸಿದ್ದೀಕಿ ಮಹಿಳೆ. ಬರೆಯುವ ಕೈ ಹೆಣ್ಣಿನದಾದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನಂಬುವವರಿಗೆ ಇದು ಎಚ್ಚರಿಕೆ. ನನ್ನ ಹೊಲಿಗೆ ಮಷೀನಿನ ಕತೆ ಬರೆದದ್ದೂ ಹೆಣ್ಣೇ ತಾನೆ?

ಗಂಡಸನ್ನು ತಿದ್ದುವ ಕೂಲಿಯಿಲ್ಲದ ಕೆಲಸ

ಎಲ್ಲ ಧಾರಾವಾಹಿಗಳೂ ನಾಯಕಿಯನ್ನು ಸುಮ್ಮನೆ ಕೂರಿಸುವುದಿಲ್ಲ. ಕೆಲವು ಅವಳ ಬಲವನ್ನು ಹಾಗೆಯೇ ಇಟ್ಟು, ಅದನ್ನು ಬೇರೆ ಕೆಲಸಕ್ಕೆ ಹಚ್ಚುತ್ತವೆ.

ಕಲರ್ಸ್ ಕನ್ನಡದಲ್ಲಿ 2020ರಲ್ಲಿ ಆರಂಭವಾದ 'ಗಿಣಿರಾಮ' ನಮ್ಮ ಉತ್ತರ ಕರ್ನಾಟಕದ ಮಾತನ್ನು ಕಿರುತೆರೆಗೆ ತಂದಿತು. ನಮ್ಮ ಮಾತನ್ನು ಹಾಸ್ಯಪಾತ್ರಗಳ ಬಾಯಲ್ಲಷ್ಟೇ ಕೇಳಿ ಬೇಸತ್ತಿದ್ದ ನಮಗೆ ನಾಯಕ ನಾಯಕಿಯರೇ ಆ ಮಾತಾಡಿದ್ದು ದೊಡ್ಡ ಸಂತೋಷ. ಮರಾಠಿ ಧಾರಾವಾಹಿಯೊಂದರ ಜಾಡಿನಲ್ಲಿ ಬಂದ ಈ ಕತೆಯಲ್ಲಿ ಓದಿದ, ಸರಿತಪ್ಪುಗಳ ಬಗ್ಗೆ ಖಚಿತವಾಗಿ ಮಾತನಾಡುವ ಮಹತಿ ಇದ್ದಾಳೆ. ಆಯಿಸಾಹೇಬರ ಮಾತೇ ವೇದವಾಕ್ಯವೆಂದು ನಂಬಿ ಹೊಡೆದಾಟಕ್ಕೆ ನಿಲ್ಲುವ ಶಿವರಾಮ ಇದ್ದಾನೆ. ಮನಸ್ಸಿಲ್ಲದ ಮದುವೆಯಲ್ಲಿ ಅವಳು ಅವನ ಮನೆ ಸೇರುತ್ತಾಳೆ. ಅಲ್ಲಿಂದ ಮುಂದೆ ದ್ವೇಷ ಕರಗಿ ಪ್ರೀತಿಯಾಗುವುದೇ ಕತೆ. ಮಹತಿಯ ಬುದ್ಧಿ, ತಾಳ್ಮೆ, ಓದು ಎಲ್ಲವೂ ಒಬ್ಬ ಗಂಡಸನ್ನು ಮನುಷ್ಯನನ್ನಾಗಿ ಮಾಡುವುದಕ್ಕೆ ಖರ್ಚಾಗುತ್ತವೆ. ಒತ್ತಾಯದ ಮದುವೆಯಿಂದ ಪ್ರೀತಿ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆಯನ್ನು ಅಷ್ಟು ಸವಿಯಾದ ನಮ್ಮೂರ ಮಾತಿನಲ್ಲಿ ಕೇಳುವಾಗ, ಅದು ಎಷ್ಟು ಅಪಾಯದ ಮಾತೆಂಬುದು ತಟ್ಟನೆ ಹೊಳೆಯುವುದಿಲ್ಲ.

ಅದೇ ವರ್ಷ ಜೀ ಕನ್ನಡದಲ್ಲಿ ಬಂದ 'ಸತ್ಯ' ಧಾರಾವಾಹಿಯ ನಾಯಕಿ ಕೂದಲು ಕತ್ತರಿಸಿಕೊಂಡು, ಪ್ಯಾಂಟು ಶರ್ಟು ತೊಟ್ಟು, ಗ್ಯಾರೇಜಿನಲ್ಲಿ ದುಡಿದು ಮನೆ ನಡೆಸುವವಳು. ಅಂಥವಳು ಕಿರುತೆರೆಯಲ್ಲಿ ಅಪರೂಪ. ಪ್ರೀತಿಸಿದವನ ಮನೆಗೆ ಸೊಸೆಯಾಗಿ ಹೋದ ಮೇಲೆ ಅವಳ ಮುಂದಿರುವ ದೊಡ್ಡ ಪರೀಕ್ಷೆ ಅತ್ತೆಯ ಮನಸ್ಸನ್ನು ಗೆಲ್ಲುವುದು. ಗಾಡಿಯ ಸದ್ದು ಕೇಳಿಯೇ ದೋಷ ಹೇಳಬಲ್ಲ ಹುಡುಗಿ ಸೊಸೆಯ ನಡೆನುಡಿ ಕಲಿಯಬೇಕು. ಆ ಕತೆ ಮುಂದೆ ಹಲವು ತಿರುವು ತೆಗೆದುಕೊಂಡದ್ದು ನಿಜ. ಆದರೆ ಒಂದು ಮಾತು ಕೇಳಬೇಕೆನಿಸುತ್ತದೆ: ಅಡುಗೆಮನೆಯಲ್ಲಿ ಸತ್ಯಳಿಗೆ ಇಷ್ಟೊಂದು ಪರೀಕ್ಷೆಯಾದರೆ, ಗ್ಯಾರೇಜಿಗೆ ಹೋಗಿ ಸ್ಪ್ಯಾನರು ಹಿಡಿಯುವ ಪರೀಕ್ಷೆ ಗಂಡನಿಗೇಕಿಲ್ಲ?

ಸೆಟ್ಟಿನ ಲೆಕ್ಕ

ಹೀಗೇಕೆ ಆಗುತ್ತದೆ? ಬರೆಯುವವರೆಲ್ಲ ಹೆಣ್ಣಿನ ವೈರಿಗಳೆಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕಾರಣ ಅಷ್ಟು ಸರಳವಿಲ್ಲ.

ದಿನನಿತ್ಯದ ಧಾರಾವಾಹಿಗೆ ವಾರಕ್ಕೆ ಐದಾರು ಕಂತು ಬೇಕು. ಸಾವಿರ ಕಂತು ದಾಟಿದ ಧಾರಾವಾಹಿಗಳು ಕನ್ನಡದಲ್ಲಿ ಹಲವಿವೆ. ಇಷ್ಟೊಂದು ಕಂತುಗಳನ್ನು ಅಗ್ಗದಲ್ಲಿ, ಬೇಗನೆ ಚಿತ್ರೀಕರಿಸಬೇಕಾದರೆ ಒಂದು ದೊಡ್ಡ ಮನೆ ಬೇಕು. ಪಡಸಾಲೆ, ಮೆಟ್ಟಿಲು, ದೇವರಕೋಣೆ, ಅಡುಗೆಮನೆ. ಜಿಲ್ಲಾಧಿಕಾರಿ ಕಚೇರಿಯ ದೃಶ್ಯಕ್ಕೆ ಬೇರೆ ಜಾಗ, ಬೇರೆ ಜನ, ಕೆಲಸದ ಬಗ್ಗೆ ತಿಳಿವಳಿಕೆ ಎಲ್ಲ ಬೇಕು. ಪಡಸಾಲೆಯ ಜಗಳಕ್ಕೆ ಅದ್ಯಾವುದೂ ಬೇಡ. ಹಾಗಾಗಿ ನಾಯಕಿಯನ್ನು ಆದಷ್ಟು ಬೇಗ ಆ ಮನೆಯೊಳಗೆ ತಂದು ನಿಲ್ಲಿಸಬೇಕು. ತರುವುದಕ್ಕೆ ಇರುವ ಸುಲಭದ ದಾರಿ ಪ್ರೀತಿ ಮತ್ತು ಮದುವೆ. ಒಮ್ಮೆ ಒಳಗೆ ಬಂದಳೆಂದರೆ ಅವಳ ಸಾಹಸಗಳೆಲ್ಲ ಆ ನಾಲ್ಕು ಗೋಡೆಗಳ ಅಳತೆಗೆ ಕುಗ್ಗುತ್ತವೆ: ಹಾಲಿಗೆ ವಿಷ ಹಾಕಿದವರು ಯಾರು, ಒಡವೆ ಕದ್ದವರು ಯಾರು. ಪ್ರತಿ ಗುರುವಾರ ಬರುವ ಟಿಆರ್‌ಪಿ ಅಂಕಿಯಲ್ಲಿ ಮದುವೆಯ ವಾರ ಮೇಲೇರಿದರಂತೂ ಮುಗಿಯಿತು, ಮುಂದಿನ ಧಾರಾವಾಹಿಗೂ ಅದೇ ಸೂತ್ರ.

'ನಿಜಜೀವನದಲ್ಲಿ ಹೀಗೇ ಅಲ್ಲವೇ? ಮದುವೆಯಾದ ಮೇಲೆ ಹೆಣ್ಣು ಬದಲಾಗುವುದಿಲ್ಲವೇ?' ಎಂದು ಕೇಳುವವರಿದ್ದಾರೆ. ತಿಕೋಟಾದ ಶೆಡ್ಡಿನಲ್ಲಿ ನಾನು ಕಂಡ ಹೆಂಗಸರಲ್ಲಿ ಹೆಚ್ಚಿನವರು ಮದುವೆಯಾದವರೇ. ಇಷ್ಟಪಟ್ಟು ಮದುವೆಯಾದವರೂ ಅವರಲ್ಲಿದ್ದರು. ಯಾರ ಕೆಲಸವೂ ಪ್ರೀತಿಯಿಂದಾಗಿ ನಿಂತಿರಲಿಲ್ಲ. ಬಾಣಂತನ ಮುಗಿಸಿ ಮತ್ತೆ ಶೆಡ್ಡಿಗೆ ಬಂದವರೂ ಇದ್ದರು. ದುಡಿಮೆಯನ್ನು ಒಂದು ದಿನವೂ ಬಿಡಲಾಗದ ಹೆಂಗಸರು ಸಂಜೆ ಟಿವಿ ಮುಂದೆ ಕುಳಿತು, ದುಡಿಮೆ ಮರೆತ ನಾಯಕಿಯನ್ನು ನೋಡುತ್ತಾರೆ. ಅದನ್ನು ವಾಸ್ತವವೆಂದು ಕರೆಯುವುದು ಹೇಗೆ?

ಇದನ್ನೇ ನಾನು ಅವರ ಮುಂದೆ ಎತ್ತಿದಾಗ ಒಬ್ಬಾಕೆ ನಕ್ಕು ಅಂದರು: "ಇರ್ಲಿ ಬಿಡ್ರಿ ಅಕ್ಕಾರ, ಆಕಿಗರ ಆರಾಮ ಸಿಕ್ತಲ್ಲ." ಈ ಮಾತನ್ನು ಹಗುರಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ದಿನವಿಡೀ ಕುಕ್ಕರುಗಾಲಲ್ಲಿ ಕುಳಿತು ಮಣೂಕ ಆರಿಸುವವರಿಗೆ ಆರಾಮದ ಕನಸು ಬೀಳುವುದು ಸಹಜ, ಆ ಕನಸಿಗೆ ಒಂದು ಘನತೆಯಿದೆ. ಆದರೆ ಧಾರಾವಾಹಿಯ ಹೆಣ್ಣಿಗಾದರೂ ಆರಾಮ ಸಿಕ್ಕಿತೇ? ಸಂಚು, ಅನುಮಾನ, ಕಣ್ಣೀರು, ತಾನು ಒಳ್ಳೆಯವಳೆಂದು ದಿನಾ ಸಾಬೀತುಪಡಿಸುವ ಕಾಟ. ಕೂಲಿಯಿಲ್ಲದ, ರಜೆಯಿಲ್ಲದ ಪಾಳಿಯದು.

'ನಮ್ಮ ಸಂಸ್ಕೃತಿಯೇ ಹೀಗೆ' ಎಂಬುದು ಇನ್ನೊಂದು ಸಮಜಾಯಿಷಿ. ಯಾವ ಸಂಸ್ಕೃತಿ? ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಸ್ಸು ತೊರವಿಯ ಮಹಿಳಾ ವಿಶ್ವವಿದ್ಯಾಲಯದ ಮುಂದೆ ಹಾದುಹೋಗುತ್ತದೆ. 2003ರಲ್ಲಿ ಸ್ಥಾಪನೆಯಾದ ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಅಕ್ಕ ತಾನು ಪ್ರೀತಿಸಿದ ಚೆನ್ನಮಲ್ಲಿಕಾರ್ಜುನನಿಗಾಗಿ ಅರಮನೆಯನ್ನೇ ಬಿಟ್ಟು ಹೊರಟವಳು. ನಮ್ಮೂರಿನ ಚಾಂದ್ ಬಾವಡಿಗೆ ಹೆಸರಾದ ಚಾಂದ್‌ಬೀಬಿ ಸೊಸೆಯಾಗಿ ಬಂದವಳು. 1580ರಲ್ಲಿ ಗಂಡ ಕೊಲೆಯಾದ ಮೇಲೆ ಎಳೆಯ ಸುಲ್ತಾನನ ಪರವಾಗಿ ಇಲ್ಲಿ ರಾಜ್ಯಭಾರ ನೋಡಿದಳು. ಮುಂದೆ ತವರಾದ ಅಹ್ಮದ್‌ನಗರದ ಕೋಟೆಯಲ್ಲಿ ಮೊಗಲರನ್ನು ಎದುರಿಸಿದಳು. ಚಿಕ್ಕಂದಿನಲ್ಲಿ ನಮ್ಮ ನಾನಿ ಹೇಳುತ್ತಿದ್ದ ಹಜ್ರತ್ ಖದೀಜಾ ಅವರ ಕತೆಯಲ್ಲಿ, ಕಾಫಿಲಾಗಳನ್ನು ಕಳಿಸಿ ವ್ಯಾಪಾರ ಮಾಡುತ್ತಿದ್ದ ಆ ಹೆಣ್ಣೇ ಮದುವೆಯ ಪ್ರಸ್ತಾಪ ಕಳಿಸುತ್ತಾರೆ. ನಾವು ಕೇಳಿ ಬೆಳೆದ ಈ ಹೆಂಗಸರಲ್ಲಿ ಯಾರೂ ಪ್ರೀತಿಯಿಂದಾಗಲಿ ಮದುವೆಯಿಂದಾಗಲಿ ಪೆದ್ದರಾದವರಲ್ಲ.

ಬೇರೆ ದಾರಿ ಇತ್ತು

ಕಿರುತೆರೆಗೆ ಇದು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಒಂದು ಮನೆಗೆ ವಿಸಿಆರ್ ಬಂದಿತ್ತು. ಕ್ಯಾಸೆಟ್ಟಿನಲ್ಲಿ 'ಧೂಪ್ ಕಿನಾರೆ' ನೋಡಲು ನಾವೆಲ್ಲ ಅಲ್ಲಿ ತುಂಬಿಕೊಳ್ಳುತ್ತಿದ್ದೆವು. 1987ರಲ್ಲಿ ಪಿಟಿವಿಯಲ್ಲಿ ಬಂದ ಆ ಧಾರಾವಾಹಿಯನ್ನು ಬರೆದವರು ನಮ್ಮ ಕಾನ್ಪುರದಲ್ಲಿ ಹುಟ್ಟಿ ಕರಾಚಿಯಲ್ಲಿ ಬಾಳಿದ, 2021ರಲ್ಲಿ ತೀರಿಕೊಂಡ ಹಸೀನಾ ಮೊಯಿನ್. ಅದರ ಡಾಕ್ಟರ್ ಝೋಯಾ ತುಂಟಿ, ಬಾಯಿಬಡುಕಿ, ತಪ್ಪು ಮಾಡಿ ಬೈಸಿಕೊಳ್ಳುವವಳು. ಹಿರಿಯ ಡಾಕ್ಟರ್ ಅಹ್ಮರ್‌ನನ್ನು ಪ್ರೀತಿಸಿದಾಗ ಅವಳೂ ಮಂಕಾಗುತ್ತಾಳೆ, ಅಳುತ್ತಾಳೆ. ಆದರೆ ಕತೆ ಆಸ್ಪತ್ರೆಯನ್ನು ಮರೆಯುವುದಿಲ್ಲ. ಪ್ರೀತಿಯ ನೋವಿನ ನಡುವೆಯೂ ಅವಳು ಡಾಕ್ಟರೇ. ಹದಿನೈದು ಕಂತೂ ದಾಟದ ಆ ಧಾರಾವಾಹಿಗೆ ಅವಳನ್ನು ವರ್ಷಗಟ್ಟಲೆ ಪಡಸಾಲೆಯಲ್ಲಿ ನಿಲ್ಲಿಸುವ ಗರಜೂ ಇರಲಿಲ್ಲ.

ದಿನನಿತ್ಯದ ಧಾರಾವಾಹಿಯಲ್ಲೂ ಒಂದು ಒಳ್ಳೆಯ ಉದಾಹರಣೆ ನಮ್ಮ ಕನ್ನಡದಲ್ಲೇ ಇದೆ. ಕಲರ್ಸ್ ಕನ್ನಡದಲ್ಲಿ 2020ರಿಂದ 2023ರವರೆಗೆ ಬಂದ 'ಕನ್ನಡತಿ'. ಅದರ ಭುವನೇಶ್ವರಿ ಕನ್ನಡ ಕಲಿಸುವವಳು. ಶ್ರೀಮಂತರ ಮನೆಯ ಹರ್ಷನ ಜೊತೆ ಪ್ರೀತಿ, ಮದುವೆ, ಆಸ್ತಿಯ ಸಂಚು ಎಲ್ಲವೂ ಅಲ್ಲಿಯೂ ಇದ್ದವು. ಆದರೆ ಕಂತಿನ ಕೊನೆಗೆ 'ಸರಿಗನ್ನಡಂ ಗೆಲ್ಗೆ' ಎಂದು ರಂಜನಿ ರಾಘವನ್ ಒಂದು ಕನ್ನಡ ಪದದ ಸರಿರೂಪವನ್ನು ಹೇಳಿಕೊಡುತ್ತಿದ್ದರು. ಕತೆಯೊಳಗೆ ಪಾಠದ ಕೋಣೆ ಕಾಣದ ದಿನವೂ ಆ ಪುಟ್ಟ ಪಾಠ ಬರುತ್ತಿತ್ತು. ಪ್ರೀತಿಸುವ ಭುವಿಯೂ ಕಲಿಸುವ ಭುವಿಯೂ ಒಬ್ಬಳೇ ಎಂದು ಮಕ್ಕಳಿಗೂ ಮುದುಕರಿಗೂ ನೆನಪಿರುತ್ತಿತ್ತು. ಒಂದೆರಡು ನಿಮಿಷದಲ್ಲಿ ಇಷ್ಟು ಸಾಧ್ಯವಾದರೆ ಉಳಿದ ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಾಧ್ಯವಿರಬೇಡ?

ಬಬಲೇಶ್ವರದ ಹುಡುಗಿ

'ಟಿವಿ ಅಂದಮೇಲೆ ಟಿವಿ, ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ?' ಎನ್ನುವವರಿಗೆ ಒಂದು ಘಟನೆ ಹೇಳಬೇಕು.

ಬಬಲೇಶ್ವರದಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರ ಮಗಳಿದ್ದಾಳೆ. ಆ ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು. ಬಿ.ಎಡ್. ಮುಗಿಸಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಸಂಬಂಧ ಕೂಡಿಬಂದು ನಿಶ್ಚಿತಾರ್ಥವಾಯಿತು. ಹುಡುಗ ಒಳ್ಳೆಯವನು, ಇಬ್ಬರಿಗೂ ಪರಸ್ಪರ ಇಷ್ಟ. ಒಂದು ದಿನ ಅವರ ಮನೆಗೆ ಹೋದಾಗ ಕೆಲಸ ಬಿಡುವ ಅರ್ಜಿ ಬರೆದಿಟ್ಟಿದ್ದೇನೆಂದು ಸಂತೋಷದಿಂದಲೇ ಹೇಳಿದಳು.

"ಹುಡುಗನ ಮನೆಯವರು ಬಿಡು ಅಂದ್ರೇನು ಬೇಟಿ?" ಎಂದು ಕೇಳಿದೆ.

"ಇಲ್ಲ ಖಾಲಾ."

"ಹುಡುಗ ಅಂದನೇನು?"

"ಅವರೂ ಏನೂ ಅಂದಿಲ್ಲ. ನನಗೇ ಬಿಡಬೇಕು ಅನಿಸ್ತು. ಈಗ ಮದುವೆ ಆಗ್ತದಲ್ಲ."

ನಮ್ಮ ಮನೆಮಾತು ದಖನಿಯಲ್ಲಿ ನಡೆದ ಈ ಮಾತು ಕನ್ನಡದಲ್ಲಿ ಬರೆಯುವಾಗಲೂ ನನ್ನನ್ನು ಕಲಕುತ್ತದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಒತ್ತಾಯವಿದ್ದಿದ್ದರೆ ಅವಳು ಬಹುಶಃ ಎದುರು ಮಾತಾಡುತ್ತಿದ್ದಳು, ಅಷ್ಟು ಬಾಯಿದ್ದ ಹುಡುಗಿ. ಪ್ರೀತಿ ಬಂದಾಗ ಮಷೀನು ಎತ್ತಿಡಬೇಕೆಂಬುದು ಅವಳಿಗೆ ಯಾರೂ ಹೇಳದೆ ತಿಳಿದುಹೋಗಿತ್ತು. ಇದಕ್ಕೆ ಧಾರಾವಾಹಿಯೊಂದೇ ಕಾರಣ ಎನ್ನಲಾರೆ. ಮನೆ, ನೆರೆಹೊರೆ, ನೋಡಿ ಬೆಳೆದ ರೂಢಿ ಎಲ್ಲವೂ ಇವೆ. ಆದರೆ ದಿನಾ ಸಂಜೆ ಆ ಪಡಸಾಲೆಯಲ್ಲಿ ಟಿವಿಯೂ ಇತ್ತು. ಬೇರೆ ದಾರಿಯಿದೆ ಎಂದು ಅದು ತೋರಿಸಬಹುದಾಗಿತ್ತು, ತೋರಿಸಲಿಲ್ಲ.

ಅರ್ಜಿ ಕೊಡುವ ಮುಂಚೆ ಹುಡುಗನನ್ನೊಮ್ಮೆ ಕೇಳು ಎಂದಷ್ಟೇ ಹೇಳಿ ಬಂದೆ. ಎರಡು ದಿನದ ಮೇಲೆ ಫೋನು ಮಾಡಿದಳು. "ಖಾಲಾ, ಅವರಿಗೇ ಗಾಬರಿಯಾಯ್ತು. ಯಾಕೆ ಬಿಡ್ತಿ, ಯಾರು ಹೇಳಿದ್ರು ಅಂತ ಕೇಳಿದ್ರು" ಎಂದು ನಕ್ಕಳು. ಮದುವೆಯಾಯಿತು. ಈಗ ವಿಜಯಪುರದಲ್ಲಿದ್ದಾಳೆ, ಬೆಳಗಿನ ಬಸ್ಸು ಹಿಡಿದು ಶಾಲೆಗೆ ಹೋಗುತ್ತಾಳೆ. ಒಂದು ಪ್ರಶ್ನೆ ಕೇಳದೇ ಹೋಗಿದ್ದರೆ ಅರ್ಜಿ ಹೋಗಿಬಿಡುತ್ತಿತ್ತು. ತಿಂಗಳು ಕಳೆದರೆ ಅದೇ ಸರಿ ಎಂದು ಎಲ್ಲರಿಗೂ ಅನಿಸುತ್ತಿತ್ತು.

ಧಾರಾವಾಹಿ ಬರೆಯುವ ನನ್ನ ಬಂಧುಗಳಲ್ಲಿ ಒಂದೇ ವಿನಂತಿ. ನಿಮ್ಮ ನಾಯಕಿ ಪ್ರೀತಿಸಲಿ, ಮದುವೆಯಾಗಲಿ, ಬೇಕಾದರೆ ಅಳಲಿ. ಆದರೆ ಪ್ರೀತಿಯ ಮರುದಿನ ಬೆಳಿಗ್ಗೆ ಅವಳು ಎಲ್ಲಿಗೆ ಹೊರಟಳು ಎಂಬುದನ್ನೂ ಬರೆಯಿರಿ. ಅವಳು ಕೆಲಸ ಬಿಡುವುದೇ ಆದರೆ ಬಿಡುವ ದೃಶ್ಯ ಬರೆಯಿರಿ, ಏಕೆ ಬಿಟ್ಟಳೆಂದು ಅವಳ ಬಾಯಿಂದ ಹೇಳಿಸಿ, ಬಿಟ್ಟದ್ದರ ಬೆಲೆಯನ್ನೂ ತೋರಿಸಿ. ನೋಡುವ ನಾವೂ ಮನೆಯಲ್ಲಿ ಮಕ್ಕಳ ಜೊತೆ ಕುಳಿತಾಗ ಈ ಪ್ರಶ್ನೆಯನ್ನು ಗ‌ಟ್ಟಿಯಾಗಿ ಕೇಳೋಣ. ಪಕ್ಕದಲ್ಲಿ ಕುಳಿತ ಹುಡುಗಿ ಕೇಳಿಸಿಕೊಳ್ಳಲಿ, ಹುಡುಗನೂ ಕೇಳಿಸಿಕೊಳ್ಳಲಿ.

ನಾನು ನನ್ನ ಹಳೆಯ ಕತೆಯನ್ನು ಮತ್ತೆ ಬರೆಯುತ್ತಿದ್ದೇನೆ. ನಿಕಾಹ್ ಹಾಗೆಯೇ ಇದೆ. ಗಂಡನ ಮನೆಯಲ್ಲಿ ಮಷೀನು ಎಲ್ಲಿಡಬೇಕೆಂಬ ಬಗ್ಗೆ ಗಂಡ ಹೆಂಡತಿಗೆ ಸಣ್ಣ ಜಗಳವಾಗುತ್ತದೆ. ಕಿಟಕಿಯ ಪಕ್ಕವೇ ಬೇಕೆಂದು ಅವಳ ಹಟ, ಅಲ್ಲಿ ಬೆಳಕು ಚೆನ್ನಾಗಿದೆ. ಕತೆ ಮುಗಿದ ಮೇಲೆ ತಿಕೋಟಾಕ್ಕೆ ಹೋಗಿ ಅವರೆದುರೇ ಓದಬೇಕೆಂದಿದ್ದೇನೆ.